ಅಜ್ಜಂಗೆ ದುಡ್ಡು ಯಾಕೆ ತೋರಿಸಿದ್ರಿ?

"ಅಪ್ಪಾ, ಅಜ್ಜಂಗೆ ದುಡ್ಡು ಯಾಕೆ ತೋರಿಸಿದ್ರಿ? ನಿಮ್ಮ ಊರಲ್ಲಿ ಎಲ್ಲರೂ ಹಂಗೇನಾ?"

ಕಳೆದ ಶನಿವಾರ ರಾತ್ರಿ ಊಟಕ್ಕೆ ಕೂತಾಗ ಮಗ ಕೇಳಿದ. ಅವನಿಗೆ 9 ವರ್ಷ. ಸುಮ್ನೆ ಕೇಳಿದ್ದು, ಬೇಜಾರು ಮಾಡಬೇಕು ಅಂತಲ್ಲ. ನನಗೆ ತುತ್ತು ಇಳಿಯಲಿಲ್ಲ.

ನನ್ನ ಪಿಕಪ್ ಟ್ರಕ್ಕು ಮುಂದೆ ಎಡಗಡೆ ಮುಕ್ಕಾಲು ಇಂಚು ತಗ್ಗಿತ್ತು. ಅದಕ್ಕಿರುವುದು ಕಾಯಿಲ್‌ಓವರ್. ಶಾಕ್ ಅಬ್ಸಾರ್ಬರ್‌ಗೆ ಸುತ್ತಿಕೊಂಡಂತೆ ಸ್ಪ್ರಿಂಗು, ಅದರ ಮೇಲೆ ಥ್ರೆಡ್ ಇರುವ ಕಾಲರ್, ಅಂದರೆ ಬಳೆಯಂಥ ದೊಡ್ಡ ನಟ್ಟು. ಕಾಲರನ್ನು ಕೆಳಗೆ ತಿರುಗಿಸಿದರೆ ಗಾಡಿ ಮೇಲೇಳುತ್ತದೆ. ನಾವಿರುವ ಅಮೆರಿಕದ ಮಿಶಿಗನ್‌ನಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪಿಗೆ ಕಾಲರ್ ಕಚ್ಚಿಕೊಂಡು ಕೂತಿತ್ತು. ಎರಡು ಶನಿವಾರ ಒಬ್ಬನೇ ಒದ್ದಾಡಿದೆ.

ಮೂರನೇ ಶನಿವಾರ ಪಕ್ಕದ ಮನೆಯವರು ತಾವಾಗಿಯೇ ಬಂದರು. ಡೆಟ್ರಾಯ್ಟ್ ಕಡೆ ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗ ಅವರನ್ನು ಕನ್ನಡದಲ್ಲೇ ಅಜ್ಜ ಅನ್ನುತ್ತಾನೆ. ಬಗ್ಗಿ ನೋಡಿದವರೇ ಪಾನಾ ಕೆಳಗಿಡಿಸಿದರು. ನಾನು ಗಾಡಿಯ ಭಾರ ಸ್ಪ್ರಿಂಗಿನ ಮೇಲೆ ಇರುವಾಗಲೇ ತಿರುಗಿಸಲು ಹೋಗಿದ್ದೆ. ಥ್ರೆಡ್ ಹಾಳಾಗುತ್ತದೆ ಅಂದರು. ಜಾಕ್ ಹಾಕಿ ಎತ್ತಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಜೋತಾಡುವಂತೆ ಬಿಟ್ಟೆವು. ತಂತಿ ಬ್ರಷ್ಷಿನಿಂದ ಥ್ರೆಡ್ ಉಜ್ಜುವ ಕೆಲಸ ಮಗನಿಗೆ. ಎಣ್ಣೆ ಹೊಡೆದು ಅರ್ಧ ಗಂಟೆ ಕಾದೆವು. ಆಮೇಲೆ ಕಾಲರ್ ಮೇಲೆ ಪೆನ್ನಿನಿಂದ ಗುರುತು ಮಾಡಿ, ಕೊಕ್ಕೆ ಪಾನಾ ಹಾಕಿ, ಸುತ್ತು ಎಣಿಸುತ್ತಾ ತಿರುಗಿಸಿದರು. ಸ್ಪ್ರಿಂಗು ಚಕ್ರಕ್ಕಿಂತ ಒಳಗೆ ಕೂತಿರುತ್ತದೆ, ಅದಕ್ಕೇ ಕಾಲರ್ ಸ್ವಲ್ಪ ಇಳಿದರೂ ಗಾಡಿ ಜಾಸ್ತಿ ಏರುತ್ತದೆ, ಅಳತೆ ಮೀರಿ ಬಿಗಿದರೆ ಗುಂಡಿಗುಂಡಿಗೂ ಕುಕ್ಕುತ್ತದೆ. ಇದನ್ನೆಲ್ಲ ಮಗನಿಗೆ ಹೇಳಿದರು, ನನಗಲ್ಲ. ಇಳಿಸಿ, ಒಂದು ಸುತ್ತು ಓಡಿಸಿ ಬಂದು ಅಳೆದರೆ ಎರಡೂ ಕಡೆ ಸಮ. ಚಕ್ರಗಳ ಅಲೈನ್‌ಮೆಂಟ್ ಮಾಡಿಸಲು ಮರೆಯಬೇಡ ಅಂದರು.

ಆಗ ನಾನು ಪರ್ಸು ತೆಗೆದೆ. ಅವರ ಮುಖ ಇಳಿದುಹೋಯಿತು. ಏನೂ ಅನ್ನದೆ ಕೈ ಒರೆಸಿಕೊಂಡು ಹೊರಟರು.

ಮಗನಿಗೆ ಏನು ಹೇಳಲಿ? ನಮ್ಮ ಊರಲ್ಲಿ ಹಾಗಿರಲಿಲ್ಲ. ನಾನು ಅವನ ವಯಸ್ಸಿನಲ್ಲಿದ್ದಾಗ ಹುಲಿಕಲ್ ಘಾಟಿಯಲ್ಲಿ ಅಪ್ಪನ ಜೀಪಿನ ಸ್ಪ್ರಿಂಗ್ ಪ್ಲೇಟು ಮುರಿದಿತ್ತು. ಹೊಸನಗರದ ಮಳೆ ಗೊತ್ತಲ್ವಾ, ಎದುರಿಗಿದ್ದವರ ಮುಖ ಕಾಣದು. ಒಬ್ಬ ಲಾರಿ ಡ್ರೈವರ್ ನಿಲ್ಲಿಸಿದರು. ಮರದ ತುಂಡೊಂದನ್ನು ಆಕ್ಸಲ್ ಮತ್ತು ಚಾಸಿ ನಡುವೆ ಕೊಟ್ಟು ಹಗ್ಗದಲ್ಲಿ ಬಿಗಿದರು. ಚಂಡಿಕಾಂಬೆ ಗುಡಿ ತನಕ ಹಿಂದೆಯೇ ಬಂದರು. ಅಪ್ಪ ಕೊಟ್ಟದ್ದು ಎಲೆಯಡಿಕೆ, ಅವರು ತಗೊಂಡದ್ದೂ ಅಷ್ಟೇ.

ನೆಟ್ಟಿಗೆ ಮುಯ್ಯಾಳು ಇತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಡಿಕೆ ಸುಲಿಯಲು ರಾತ್ರಿ ಅಂಗಳದ ತುಂಬ ಜನ. ಈಗ ಸುಲಿಯಲು ಮೆಷಿನ್ ಬಂದಿದೆ, ಗದ್ದೆ ತೋಟವಾಗಿದೆ. ಅದು ತಪ್ಪಲ್ಲ. ಆದರೆ ಹೋದ ವರ್ಷ ಊರಿಗೆ ಹೋದಾಗ ಪಂಪ್‌ಸೆಟ್ ಎತ್ತಲು ಪಕ್ಕದ ಮನೆಯವರನ್ನು ಕರೆಯುತ್ತೇನೆ ಅಂದೆ. "ಬೇಡ ಮಾರಾಯ, ದುಡ್ಡು ಕೊಟ್ಟು ಯಾರನ್ನಾದ್ರೂ ಕರೆಸು. ಋಣ ಯಾಕೆ?" ಅಂದರು ಅಪ್ಪ. ಆ ಜೀಪು ಓಡಿಸಿದ ಅಪ್ಪನೇ. ಪರ್ಸು ತೆಗೆದಾಗ ನನ್ನ ಬಾಯಲ್ಲಿ ಬಂದದ್ದೂ ಹೆಚ್ಚುಕಡಿಮೆ ಅದೇ ಮಾತು.

ಭಾನುವಾರ ಮಗನ ಕೈಯಲ್ಲಿ ಒಂದು ಡಬ್ಬಿ ಕಡುಬು ಕಳಿಸಿದೆ. ಖಾಲಿ ಡಬ್ಬಿಯ ಜೊತೆ ಸುದ್ದಿಯೂ ಬಂತು. ಅಜ್ಜನ ಮನೆ ಹಿಂದಿನ ಬೇಲಿ ಕಂಬ ಕೊಳೆತಿದೆಯಂತೆ, ಮುಂದಿನ ಶನಿವಾರ ಹಿಡಿದುಕೊಳ್ಳಲು ಇಬ್ಬರು ಬೇಕಂತೆ.

ಮಗ ಈಗಲೇ ಕೈಗವಸು ಹುಡುಕಿ ಬಾಗಿಲ ಹತ್ತಿರ ಇಟ್ಟುಕೊಂಡಿದ್ದಾನೆ. ಎರಡು ಜೊತೆ.