ಗಡಿಯಾರದ ಕೆಳಗೆ, ಮಧ್ಯಾಹ್ನಕ್ಕೆ

ಜೂನ್ ತಿಂಗಳ ಒಂದು ಶನಿವಾರ. ಸ್ಪೇನಿನ ಸಲಮಾಂಕಾ ಊರಿನ ಪ್ಲಾಥಾ ಮಯೋರ್‌ನಲ್ಲಿ, ಗಡಿಯಾರದ ಕೆಳಗೆ ನಾನು ಬಂದು ನಿಂತಾಗ ಸರಿಯಾಗಿ 12 ಗಂಟೆ. ಊಟಕ್ಕೆ ಕರೆದವರು ಇನ್ನೂ ಬಂದಿರಲಿಲ್ಲ. ಐದು ನಿಮಿಷ ಕಳೆಯಿತು, ಹತ್ತು ನಿಮಿಷ ಕಳೆಯಿತು. ಕಮಾನುಗಳ ನೆರಳಲ್ಲಿ ಜನ ಕಾಫಿ ಕುಡಿಯುತ್ತಾ ಕೂತಿದ್ದರು. ಊಟದ ತಟ್ಟೆ ಮಾತ್ರ ಒಂದೂ ಕಾಣಲಿಲ್ಲ.

ಸ್ಪ್ಯಾನಿಷ್ ಕಲಿಯಲು ಒಂದು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದೆ. ಅದು ಎರಡನೇ ವಾರ. ಕ್ಲಾಸಿನಲ್ಲಿ ಓದಿದ್ದು ಬಾಯಿಗೆ ಬರಬೇಕಾದರೆ ಮಾತಿಗೆ ಒಬ್ಬರು ಜೊತೆ ಬೇಕು, ಅಲ್ವಾ? ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಮಹಿಳೆ ಸಿಕ್ಕಿದ್ದರು. ಅವರಿಗೆ ಇಂಗ್ಲಿಷ್ ಬೇಕು, ನನಗೆ ಸ್ಪ್ಯಾನಿಷ್. ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ಇಂಗ್ಲಿಷ್. ಇದನ್ನು ಅಲ್ಲಿ ಇಂತೆರ್‌ಕಾಂಬಿಯೋ ಅನ್ನುತ್ತಾರೆ.

ವಯಸ್ಸಿನಲ್ಲಿ ಅವರು ನನ್ನ ಅಮ್ಮನಿಗಿಂತ ದೊಡ್ಡವರು. ನಾನು 'ಉಸ್ತೆದ್' ಅಂದೆ. ಅಂದರೆ ನಮ್ಮ 'ನೀವು'. ಅವರು ಕೈಯಾಡಿಸಿ, ಬೇಡ, 'ತೂ' ಅನ್ನು ಅಂದರು. 'ನೀನು' ಅಂತ! ನನ್ನ ನಾಲಿಗೆ ಏಳಲೇ ಇಲ್ಲ. ಮೂರು ದಿನ ಕ್ರಿಯಾಪದದ ಕೊನೆಯನ್ನು ನುಂಗಿ ನುಂಗಿ ಮಾತಾಡಿದೆ. ಈಗಲೂ ಅವರ ಬಗ್ಗೆ ಕನ್ನಡದಲ್ಲಿ ಬರೆಯುವಾಗ 'ಅವರು' ಅಂತಲೇ ಬರುತ್ತದೆ.

ಅವರೇ ಶುಕ್ರವಾರ ಸಂಜೆ ಮೆಸೇಜ್ ಮಾಡಿದ್ದರು. 'ಕೊಮೆಮೋಸ್ ಮನ್ಯಾನಾ?' ನಾಳೆ ಊಟ ಮಾಡೋಣ್ವಾ? ನನ್ನ ಪಠ್ಯಪುಸ್ತಕದಲ್ಲಿ ಭವಿಷ್ಯದ ಪಾಠ ಇನ್ನೂ ಬಂದಿರಲಿಲ್ಲ. ಹಾಗಾಗಿ ಉತ್ತರ ಹೇಗೆ ಬರೆಯಲಿ ಅಂತ ಗಾಬರಿಯಾಯಿತು. ಆಮೇಲೆ ಅವರ ಮೆಸೇಜನ್ನೇ ಮತ್ತೊಮ್ಮೆ ನೋಡಿದೆ. ಅಲ್ಲಿ ಭವಿಷ್ಯವೇ ಇರಲಿಲ್ಲ. ಇದ್ದದ್ದು ವರ್ತಮಾನದ ರೂಪ. 'ನಾಳೆ ಊಟಕ್ಕೆ ಹೋಗ್ತೀನಿ' ಅಂತ ನಾವು ದಿನಾ ಹೇಳುವುದಿಲ್ಲವೇ? ಅದೇ ರೀತಿ. 'ನಾಳೆ' ಅನ್ನುವ ಒಂದು ಮಾತು ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಧೈರ್ಯ ಮಾಡಿ ಬರೆದೆ: 'ಸೀ. ಕೆದಾಮೋಸ್ ಅಲ್ ಮೆದಿಯೋದಿಯಾ, ದೆಬಾಹೋ ದೆಲ್ ರೆಲೋಹ್.' ಹೌದು, ಮಧ್ಯಾಹ್ನ ಗಡಿಯಾರದ ಕೆಳಗೆ ಸಿಗೋಣ. 'ಕೆದಾರ್' ಅನ್ನುವ ಈ ಕ್ರಿಯಾಪದ ನನಗೆ ತುಂಬಾ ಇಷ್ಟ. ಅದರ ಮೂಲ ಅರ್ಥ ಉಳಿಯುವುದು. ಆದರೆ ಇಬ್ಬರು ಸೇರಿ ಹೊತ್ತು, ಜಾಗ ಗೊತ್ತುಮಾಡಿಕೊಳ್ಳುವುದಕ್ಕೂ ಸ್ಪೇನಿನವರು ಅದನ್ನೇ ಬಳಸುತ್ತಾರೆ. ಎಲ್ಲಿಗೇ ಹೋಗಬೇಕಾದರೂ ಮಾತು ಶುರುವಾಗುವುದು 'ಆ ಕೆ ಓರಾ ಕೆದಾಮೋಸ್?' ಅಂತ. ಎಷ್ಟು ಗಂಟೆಗೆ ಸಿಗೋಣ? ನಾನು ಕೇಳದೆ ಬಿಟ್ಟದ್ದು ಇದೊಂದೇ ಪ್ರಶ್ನೆ.

ಜಾಗದ ಬಗ್ಗೆ ಮಾತ್ರ ಅನುಮಾನವೇ ಇರಲಿಲ್ಲ. ಪ್ಲಾಥಾ ಮಯೋರ್ ಊರ ನಡುವಿನ ದೊಡ್ಡ ಚೌಕ. ಅದನ್ನು ಕಟ್ಟಲು ಶುರುಮಾಡಿದ್ದು 1729ರಲ್ಲಿ. ನಾಲ್ಕೂ ಕಡೆ ಜೇನಿನ ಬಣ್ಣದ ಕಲ್ಲಿನ ಕಮಾನುಗಳು. ಉತ್ತರಕ್ಕೆ ನಗರಸಭೆಯ ಕಟ್ಟಡ, ಅದರ ಮೇಲೆ ಗಡಿಯಾರ. ಸಲಮಾಂಕಾದವರು ಯಾರನ್ನೇ ಭೇಟಿಯಾಗಬೇಕಾದರೂ 'ಗಡಿಯಾರದ ಕೆಳಗೆ' ಅಂದರೆ ಮುಗಿಯಿತು.

12 ಗಂಟೆ 20 ನಿಮಿಷಕ್ಕೆ ಮೆಸೇಜ್ ಹಾಕಿದೆ. 'ದೋಂದೆ ಎಸ್ತಾಸ್?' ಎಲ್ಲಿದ್ದೀಯ? ಕೂಡಲೇ ಉತ್ತರ ಬಂತು. 'ಮನೆಯಲ್ಲಿ. ಯಾಕೆ? ಈಗಿನ್ನೂ ಹನ್ನೆರಡು!' ಆ ಉದ್ಗಾರ ಚಿಹ್ನೆ ನೋಡಿದಾಗಲೇ ನನಗೆ ಗೊತ್ತಾಯಿತು, ಎಲ್ಲೋ ತಪ್ಪಿದೆ.

ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಕೂತು ಯೋಚಿಸಿದೆ. ನನ್ನ ಪುಸ್ತಕ ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಸುವ ಪುಸ್ತಕ. 'ಮೆದಿಯೋದಿಯಾ' ಎದುರಿಗೆ 'ನೂನ್' ಅಂತ ಬರೆದಿತ್ತು. ನೂನ್ ಅಂದರೆ 12. ಹಾಗೇ ತಲೆಯಲ್ಲಿ ಕೂತುಬಿಟ್ಟಿತು. ಆದರೆ 'ಮೆದಿಯೋ' ಅಂದರೆ ನಡು, 'ದಿಯಾ' ಅಂದರೆ ದಿನ. ಮಧ್ಯ, ಅಹ್ನ. ಇದು ನಮ್ಮ 'ಮಧ್ಯಾಹ್ನ'ವೇ ಅಲ್ಲವೇ! ನಾವು ಮಧ್ಯಾಹ್ನ ಅಂದರೆ ಯಾರೂ 12ಕ್ಕೆ ಬಂದು ನಿಲ್ಲುವುದಿಲ್ಲ. ಒಂದೂವರೆಯೂ ಮಧ್ಯಾಹ್ನ, ಮೂರೂ ಮಧ್ಯಾಹ್ನ. ಊಟದ ಹೊತ್ತಿಗೇ ಆ ಹೆಸರು. ಸ್ಪೇನಿನಲ್ಲೂ ಹಾಗೇ. ಅಲ್ಲಿ ಊಟದ ಹೊತ್ತು ಎರಡರಿಂದ ಮೂರೂವರೆ. ಕನ್ನಡದಿಂದ ನೇರ ಹೋಗಿದ್ದರೆ 'ಮಧ್ಯಾಹ್ನ ಅಂದ್ರೆ ಎಷ್ಟೊತ್ತಿಗೆ?' ಅಂತ ತಾನಾಗಿಯೇ ಕೇಳುತ್ತಿದ್ದೆ. ಸುಮ್ನೆ ಸುತ್ತಿ ಬಳಸಿ ಹೋಗಿ ದಾರಿ ತಪ್ಪಿದ್ದೆ.

ಅವರು ಬಂದದ್ದು 2 ಗಂಟೆಗೆ. ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಮೇಲೆ ನೋಡು ಅಂದರು. ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ. ಸ್ಪೇನ್ 1940ರಲ್ಲಿ ತನ್ನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಧ್ಯ ಯುರೋಪಿನ ಸಮಯಕ್ಕೆ ಹೊಂದಿಸಿತು. ಮತ್ತೆ ಹಿಂದಕ್ಕೆ ತಿರುಗಿಸಲಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಸೇರುತ್ತದೆ. ಸಲಮಾಂಕಾ ಇರುವುದು ದೇಶದ ಪಶ್ಚಿಮದ ಅಂಚಿನ ಕಡೆ. ಹಾಗಾಗಿ ಜೂನ್‌ನಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರುವಾಗ ಸುಮಾರು 2 ಗಂಟೆ 25 ನಿಮಿಷ. ಗಡಿಯಾರ ಏನೇ ಹೇಳಲಿ, ಅವರ ಮೆದಿಯೋದಿಯಾ ಆಕಾಶದ ಲೆಕ್ಕದಲ್ಲಿ ಸರಿಯಾಗಿಯೇ ಇತ್ತು.

ಊಟಕ್ಕೆ ಕೂತಾಗ 'ಕೆ ತೆ ಅಪೆತೆಥೆ?' ಅಂತ ಕೇಳಿದರು. ಏನು ತಿನ್ನಬೇಕು ಅನಿಸ್ತಿದೆ? ಈ ಜಾತಿಯ ವಾಕ್ಯಗಳಲ್ಲಿ ನನ್ನ ಕ್ಲಾಸಿನವರೆಲ್ಲ ಒದ್ದಾಡುತ್ತಿದ್ದರು. 'ಮೆ ಗುಸ್ತಾ'ದಲ್ಲಿ 'ನಾನು' ಎಲ್ಲಿ ಅಂತ ಅವರ ಪ್ರಶ್ನೆ. ನನಗೆ ಆ ಕಷ್ಟವೇ ಆಗಲಿಲ್ಲ. ಮೆ ಗುಸ್ತಾ, ನನಗೆ ಇಷ್ಟ. ತೆ ಗುಸ್ತಾ, ನಿನಗೆ ಇಷ್ಟ. 'ಗೆ' ಪ್ರತ್ಯಯ ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನಿದೆ? ಮಧ್ಯಾಹ್ನದ ಪಾಠ ಆಗಷ್ಟೇ ಆಗಿತ್ತು. ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಲ್ಲೇ ಯೋಚಿಸಿ ಉತ್ತರ ಕೊಟ್ಟೆ. ಮಾತು ಸರಾಗವಾಗಿ ಬಂತು.

ನಾನು ಸಸ್ಯಾಹಾರಿ. ಮೆನುವಿನಲ್ಲಿ ಹಸಿರು ಹುರುಳಿಕಾಯಿ ಕಂಡಿತು. 'ಯೇವಾ ಕಾರ್ನೆ?' ಅಂತ ಕೇಳಿದೆ. ಇದರಲ್ಲಿ ಮಾಂಸ ಇದೆಯಾ? ಇಲ್ಲ ಅಂದರು ಬಡಿಸುವವರು. ನನ್ನ ಗೆಳತಿ ತಲೆ ಎತ್ತಿ 'ಈ ಹಾಮೋನ್?' ಅಂದರು. ಹಾಮೋನ್ ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ. 'ಆ, ಅದು ಸ್ವಲ್ಪ ಇದೆ.' ಬಡಿಸುವವರು ಸುಳ್ಳು ಹೇಳಿರಲಿಲ್ಲ. ಅಲ್ಲಿ ಬಹಳ ಜನರ ಬಾಯಲ್ಲಿ 'ಕಾರ್ನೆ' ಬೇರೆ, ಹಾಮೋನ್ ಬೇರೆ. ಸಾಂದ್ವಿಚ್ ಬೆಹೆತಾಲ್, ಅಂದರೆ ತರಕಾರಿ ಸ್ಯಾಂಡ್‌ವಿಚ್, ಅಂತ ಕೇಳಿದರೂ ಒಳಗೆ ಮೊಟ್ಟೆ, ಟ್ಯೂನಾ ಮೀನು ಇರುವುದುಂಟು. ಅವತ್ತಿನಿಂದ ನಾನು ಮಾಂಸ, ಮೀನು, ಹಾಮೋನ್ ಮೂರನ್ನೂ ಬಿಡಿಬಿಡಿಯಾಗಿ ಕೇಳುತ್ತೇನೆ. ಅವತ್ತು ಗಜ್ಪಾಚೋ ತಿಂದೆ. ಟೊಮ್ಯಾಟೊ, ಸೌತೆಕಾಯಿಯ ತಣ್ಣನೆಯ ಸೂಪ್. ಆ ಬಿಸಿಲಿಗೆ ಅಮೃತ.

ಮುಂದಿನ ಶುಕ್ರವಾರ ರಾತ್ರಿಯ ಊಟಕ್ಕೆ ನಾನೇ ಕರೆದೆ. ಈ ಸಲ ಹೋಟೆಲ್ಲಿಗೆ ಫೋನ್ ಮಾಡಿ ಟೇಬಲ್ ಹಿಡಿಯಬೇಕು ಅಂತ ಹಟ. ಎದುರಿನವರ ಮುಖ ಕಾಣದೆ ಬೇರೆ ಭಾಷೆ ಮಾತಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಹಾಳೆಯ ಮೇಲೆ ಬರೆದುಕೊಂಡೆ. 'ಉನಾ ಮೆಸಾ ಪಾರಾ ದೋಸ್.' ಇಬ್ಬರಿಗೆ ಒಂದು ಟೇಬಲ್. ಎಷ್ಟು ಗಂಟೆಗೆ? 'ಆ ಲಾಸ್ ನ್ವೇಬೆ ಈ ಮೇದಿಯಾ.' ಒಂಬತ್ತು ಮತ್ತು ಅರ್ಧ. ನಮ್ಮ ಒಂಬತ್ತೂವರೆಯ ಕಟ್ಟೇ ಅದು. ಕಾಲೂ ಹಾಗೇ ಬರುತ್ತದೆ. ಮುಕ್ಕಾಲು ಮಾತ್ರ ಬರುವುದಿಲ್ಲ. ಅಲ್ಲಿ ಒಂಬತ್ತೂಮುಕ್ಕಾಲನ್ನು 'ಹತ್ತರಲ್ಲಿ ಕಾಲು ಕಮ್ಮಿ' ಅನ್ನಬೇಕು. ಅದಕ್ಕೇ ಒಂಬತ್ತೂವರೆಗೆ ಇಟ್ಟುಕೊಂಡೆ. 'ಆ ನೋಂಬ್ರೆ ದೆ ಕಿಯೆನ್?' ಯಾರ ಹೆಸರಿಗೆ? ನನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಬರೆದುಕೊಂಡರು. ಫೋನ್ ಇಟ್ಟಾಗ ಅಂಗೈ ಒದ್ದೆಯಾಗಿತ್ತು.

ಗೆಳತಿಗೆ ಮೆಸೇಜ್ ಹಾಕಿದೆ. ಒಂಬತ್ತೂಕಾಲಿಗೆ, ಗಡಿಯಾರದ ಕೆಳಗೆ. ಉತ್ತರ ಒಂದೇ ಮಾತು: 'ಬಾಲೆ.' ಸರಿ.

ಶುಕ್ರವಾರ ಒಂಬತ್ತೂಕಾಲಿಗೆ ಹೋದರೆ ಇನ್ನೂ ಹಗಲು. ಗಡಿಯಾರದ ಕಲ್ಲಿನ ಮೇಲೆ ಸಂಜೆಯ ಬೆಳಕು ಹಳದಿಯಾಗಿ ಕೂತಿತ್ತು. ಈ ಸಲ ಅವರು ನನಗಿಂತ ಮುಂಚೆ ಬಂದು ನಿಂತಿದ್ದರು. 'ತಿಯೆನೆಸ್ ಆಂಬ್ರೆ?' ಅಂದರು. ಹಸಿವಾಗಿದೆಯಾ?

'ಮುಚಾ' ಅಂದೆ. ತುಂಬಾ. ಆಮೇಲೆ ಮೊದಲ ಸಲ, ನಾಲಿಗೆ ತಡವರಿಸದೆ, 'ಈ ತೂ?' ಅಂತ ಕೇಳಿದೆ.