ರಾಕೆಟ್ಟಿನ ಹೊಗೆ

ಬೆಳಿಗ್ಗೆ ಅಂಗಳ ಗುಡಿಸುವಾಗ ರಾತ್ರಿ ಹಾರಿಸಿದ ರಾಕೆಟ್ಟಿನ ಕೊಳವೆ ಸಿಕ್ಕಿತು. ಬಾಯಿಯ ಸುತ್ತ ಬೂದುಬಣ್ಣದ ಕಿಟ್ಟ. ಮುಟ್ಟಿದರೆ ಒದ್ದೆ, ಜಿಗುಟು.

ಮಳೆಯೇನೂ ಬಂದಿರಲಿಲ್ಲ. ಅದು ಮದ್ದು ಉರಿದಾಗ ಉಳಿಯುವ ಲವಣ, ಪೊಟ್ಯಾಸಿಯಂ ಕಾರ್ಬೊನೇಟಿನ ಕೆಲಸ. ಗಾಳಿಯ ತೇವವನ್ನೇ ಹೀರಿ ಒದ್ದೆಯಾಗುತ್ತದೆ.

ರಾಕೆಟ್ಟಿನೊಳಗಿನ ಕಪ್ಪುಮದ್ದಿನಲ್ಲಿ ಇದ್ದಿಲು ಉರಿಯುತ್ತೆ, ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಆಮ್ಲಜನಕ ಕೊಡುತ್ತೆ, ಗಂಧಕ ಬೇಗ ಹೊತ್ತಿಸುತ್ತೆ. ಆದರೆ ಉರಿದದ್ದೆಲ್ಲ ಅನಿಲವಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಘನವಾಗಿಯೇ ಉಳಿಯುತ್ತೆ.

ಆ ದಟ್ಟ ಬಿಳಿ ಹೊಗೆ ಅದೇ. ಲವಣದ ನುಣ್ಣನೆ ಕಣಗಳು! ಉಸಿರಿಗೆ ಸಿಕ್ಕರೆ ಗಂಟಲು ಕೆರೆಯುವುದು ಸುಮ್ಮನೆ ಅಲ್ಲ.

ಖಾಲಿ ಕೊಳವೆಯನ್ನೂ ಬಕೆಟ್ ನೀರಿನಲ್ಲಿ ಚೆನ್ನಾಗಿ ನೆನೆಸಿಯೇ ಕಸಕ್ಕೆ ಹಾಕಿ. ಒಳಗೆ ಉರಿಯದ ಮದ್ದು ಉಳಿದಿದ್ದರೆ ಪೆಟ್ಲುಪ್ಪು ನೀರಿಗೆ ಕರಗಿ ಬಿಡುತ್ತದೆ. ಗಂಧಕ, ಇದ್ದಿಲು ಕರಗುವುದಿಲ್ಲ, ಕೆಸರಾಗಿ ತಳದಲ್ಲಿ ಕೂರುತ್ತವೆ.