ಬಲಿಪಾಡ್ಯಮಿಯ ದಿನ ಬರ್ಟನ್ನಿನಲ್ಲಿ

2024 ನವೆಂಬರ್ 2, ಶನಿವಾರ
ಬರ್ಟನ್ ಅಪಾನ್ ಟ್ರೆಂಟ್, ಇಂಗ್ಲೆಂಡ್

ಬೆಳಗ್ಗೆ ಕಿಟಕಿ ತೆಗೆದರೆ ಮಾರ್ಮೈಟ್ ವಾಸನೆ. ಗಾಳಿ ಇವತ್ತು ಆ ಕಡೆಯದ್ದು. ಈ ಊರಿಗೆ ಬಂದು ಹನ್ನೊಂದು ವರ್ಷ ಆಯಿತು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಅಂತ ಈಗ ಮೂಗೇ ಹೇಳುತ್ತದೆ. ಒಂದು ಕಡೆಯಿಂದ ಬಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್ ಕುದಿಯುವ ಘಮ, ರಾಗಿ ಅಂಬಲಿ ಒಲೆ ಮೇಲಿಟ್ಟ ಹಾಗೆ. ಇನ್ನೊಂದು ಕಡೆಯಿಂದ ಬಂದರೆ ಮಾರ್ಮೈಟ್. ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಆ ಕಪ್ಪು ಉಪ್ಪುಪ್ಪು ಲೇಹ್ಯವನ್ನು 1902ರಿಂದ ಇಲ್ಲೇ ತಯಾರಿಸುತ್ತಾರೆ. ಬಿಯರ್ ತಯಾರಿಸುವ ಬ್ರೂವರಿಗಳಲ್ಲಿ ಮಿಕ್ಕ ಯೀಸ್ಟೇ ಅದರ ಬಂಡವಾಳ.

ಒಳಗೆ ಮಾತ್ರ ಬೆಲ್ಲದ ಪಾಕದ ಘಮ. ಕಜ್ಜಾಯ. ಮೊದಲ ನಾಲ್ಕು ಎಣ್ಣೆಯಲ್ಲೇ ಒಡೆದು ಪುಡಿಯಾದವು. ನನ್ನವಳ ಮುಖ ನೋಡಿ ನಾನು ಸುಮ್ನೆ ಹೊರಗೆ ಬಂದೆ. ಆಮೇಲಿನವು ಸರಿ ಬಂದವು. ಅದರಲ್ಲಿ ಆರನ್ನು ತಟ್ಟೆಗೆ ಹಾಕಿಕೊಂಡು ಪಕ್ಕದ ಮನೆ ಅಜ್ಜನಿಗೆ ಕೊಡಲು ಹೋದೆ.

ಅಜ್ಜ ಅನ್ನುವುದು ನಾವು ಮನೆಯೊಳಗೆ ಇಟ್ಟುಕೊಂಡ ಹೆಸರು. ಎಪ್ಪತ್ತೆಂಟು ವರ್ಷ. ಇಲ್ಲಿನ ಒಂದು ಬ್ರೂವರಿಯಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಪೀಪಾಯಿ ತುಂಬುವ ಕೆಲಸ ಮಾಡಿದವರು. ಬೆರಳುಗಳು ಇನ್ನೂ ಪೀಪಾಯಿಯ ಅಂಚು ಹಿಡಿದ ಹಾಗೆಯೇ ಬಾಗಿವೆ. ಅಡುಗೆಮನೆ ಮೇಜಿನ ಮೇಲೆ ಪೇಪರ್ ಹರಡಿಕೊಂಡು ಕೂತಿದ್ದರು. ತಟ್ಟೆ ಕೂಡ ನೋಡದೆ, "ವುಲ್ವರ್‌ಹ್ಯಾಂಪ್ಟನ್ನಿನದೂ ಮುಚ್ಚುತ್ತಾರಂತೆ" ಅಂದರು.

ಬ್ಯಾಂಕ್ಸಸ್ ಬ್ರೂವರಿಯ ಮಾತು. 1875ರಿಂದ ಅಲ್ಲಿ ಬಿಯರ್ ಆಗುತ್ತಿದೆ. ಮುಂದಿನ ವರ್ಷ ಬಾಗಿಲು ಹಾಕುತ್ತೇವೆ ಅಂತ ಹೋದ ತಿಂಗಳು ಹೇಳಿದರು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಬ್ರೂವರಿ ನಡೆಸುವ ಕಾರ್ಲ್ಸ್‌ಬರ್ಗ್‌ನವರಿಗೆ ಸ್ಯಾನ್ ಮಿಗೆಲ್ ಬಿಯರನ್ನು ಬ್ರಿಟನ್ನಿನಲ್ಲಿ ಮಾಡುವ ಲೈಸೆನ್ಸ್ ಕೈತಪ್ಪಿತು, ಅದು ಬಡ್ವೈಸರ್‌ನವರ ಪಾಲಾಯಿತು. ಅಷ್ಟು ಬಿಯರ್ ಕಡಿಮೆಯಾದ ಮೇಲೆ ಒಂದು ಕಾರ್ಖಾನೆ ಹೆಚ್ಚಾಯಿತು ಅಂತ ಲೆಕ್ಕ. ಬಿಯರಿನ ಹೆಸರು ಸ್ಪೇನಿನದು, ಕಂಪನಿ ಡೆನ್ಮಾರ್ಕಿನದು, ಕೆಲಸ ಕಳೆದುಕೊಳ್ಳುವವರು ವುಲ್ವರ್‌ಹ್ಯಾಂಪ್ಟನ್ನಿನವರು.

ಅಜ್ಜ ಒಂದು ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡು, ಇವತ್ತೇನು ಹಬ್ಬ ಅಂತ ಕೇಳಿದರು. ಬಲಿಯ ಕಥೆ ಹೇಳಿದೆ. ಒಳ್ಳೆಯ ರಾಜ, ಪುಟ್ಟ ವಟು ಬಂದು ಮೂರೇ ಮೂರು ಹೆಜ್ಜೆ ಜಾಗ ಕೇಳಿದ, ಇವನು ಆಗಲಿ ಅಂದ, ಕೊನೆಗೆ ಪಾತಾಳ ಸೇರಿದ, ವರ್ಷಕ್ಕೊಮ್ಮೆ ಊರು ನೋಡಲು ಬರುತ್ತಾನೆ. ಅಜ್ಜ ಪೂರ್ತಿ ಕೇಳಿಸಿಕೊಂಡರು. "ಕಂಪನಿ ಕೊಳ್ಳಲು ಬರುವವರೂ ಮೊದಲು ಅಷ್ಟೇ ಕೇಳುವುದು" ಅಂದರು. ಈ ಅರ್ಥ ನನಗಂತೂ ಹೊಳೆದಿರಲಿಲ್ಲ. ಊರಿನಲ್ಲಿರುವ ಅಮ್ಮನಿಗೆ ಹೇಳಿದರೆ ಬೈಸಿಕೊಳ್ಳುತ್ತೇನೆ.

ಸಂಜೆ ಪಬ್ಬಿಗೆ ಬಾ ಅಂದರು. ನಾನು ಕುಡಿಯುವುದು ವರ್ಷಕ್ಕೆ ಒಂದೆರಡು ಸಲ, ಅದೂ ಅರ್ಧ ಪೈಂಟ್. ಆದರೂ ಹೋದೆ.

ಪಬ್ಬಿನ ತನಕ ಹದಿನೈದು ನಿಮಿಷದ ನಡಿಗೆ. ಅಜ್ಜನ ಜೊತೆ ಹೊರಟರೆ ನಲವತ್ತು ನಿಮಿಷ, ಯಾಕೆಂದರೆ ಒಂದೊಂದು ಗೋಡೆಯ ಹತ್ತಿರವೂ ನಿಲ್ಲಬೇಕು. ಇಲ್ಲಿ ರೈಲು ದಾಟುತ್ತಿತ್ತು, ಅಲ್ಲಿ ಮಾಲ್ಟ್ ಮಾಡುತ್ತಿದ್ದರು. 1880ರ ದಶಕದಲ್ಲಿ ಈ ಪುಟ್ಟ ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ಬ್ರೂವರಿಗಳಿದ್ದವು. ಬ್ಯಾಸ್ ಅನ್ನುವ ಬ್ರೂವರಿ ಕಂಪನಿಗೆ ಊರೊಳಗೇ ಸ್ವಂತ ರೈಲು ಹಳಿಗಳಿದ್ದವು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನ ನೆಲಮಾಳಿಗೆಯ ಕಂಬಗಳನ್ನು ನಿಲ್ಲಿಸಿದ್ದೇ ಬರ್ಟನ್ ಪೀಪಾಯಿಗಳ ಅಳತೆ ನೋಡಿಕೊಂಡು. ಈಗ ಅಲ್ಲಿ ಪ್ಯಾರಿಸ್ ರೈಲಿಗೆ ಕಾಯುವವರು ಕಾಫಿ ಕುಡಿಯುತ್ತಾರೆ.

ಇದೆಲ್ಲ ನೀರಿನ ಮಹಿಮೆ. ಊರಿನ ಕೆಳಗೆ ಜಿಪ್ಸಂ ಪದರ ಇದೆ. ಬಾವಿಯ ನೀರು ಅದರಲ್ಲಿ ಇಳಿದು ಬರುತ್ತದೆ. ಆ ಗಡಸು ನೀರಿನಲ್ಲಿ ಪೇಲ್ ಏಲ್ ಅನ್ನುವ ತಿಳಿಬಣ್ಣದ ಬಿಯರ್ ಮಾಡಿದರೆ ತಿಳಿಯಾಗಿ, ಒಣರುಚಿಯಾಗಿ, ಹಾಪ್ಸ್ ಅನ್ನುವ ಹೂವಿನ ಕಹಿ ಎದ್ದು ಬರುತ್ತದೆ. ಬೇರೆ ಊರಿನವರು ತಮ್ಮ ನೀರಿಗೆ ಜಿಪ್ಸಂ ಬೆರೆಸಿ ಅದನ್ನೇ ಮಾಡಲು ಹೊರಟರು, ಆ ಕೆಲಸಕ್ಕೆ 'ಬರ್ಟನೈಸ್' ಅಂತಲೇ ಹೆಸರು ಬಿತ್ತು. ನೀರನ್ನೂ ನಕಲು ಮಾಡಬಹುದು ಅಂತಾದಾಗಲೇ ಈ ಊರಿನ ಗಂಟು ಸಡಿಲವಾಯಿತೇನೋ ಅಂತ ನನ್ನ ಅನುಮಾನ.

ಪಬ್ಬಿನಲ್ಲಿ ಅಜ್ಜ ಬ್ಯಾಸ್ ಕೇಳಿದರು. ಪಂಪಿನ ಹಿಡಿಯ ಮೇಲೆ ಕೆಂಪು ತ್ರಿಕೋನ. ಬ್ರಿಟನ್ನಿನಲ್ಲಿ ನೋಂದಾಯಿಸಿದ ಮೊಟ್ಟಮೊದಲ ಟ್ರೇಡ್‌ಮಾರ್ಕ್ ಅದೇ, 1876ರ ಜನವರಿ 1ರಂದು. ಲೋಟ ಮೂಗಿನ ಹತ್ತಿರ ತಂದಾಗ ಬೆಂಕಿಕಡ್ಡಿ ಗೀರಿದ ಹಾಗೆ ಒಂದು ಗಂಧಕದ ವಾಸನೆ ಬರುತ್ತದೆ. ಬರ್ಟನ್ ಬಿಯರಿನ ಗುರುತು ಅದು, ನೀರಿನಿಂದ ಬಂದದ್ದು. ನನಗೆ ಮಾತ್ರ ಚಿಕ್ಕಂದಿನಲ್ಲಿ ಲಕ್ಷ್ಮಿ ಪಟಾಕಿ ಹೊಡೆದ ಮೇಲೆ ಬೀದಿಯಲ್ಲಿ ಉಳಿಯುತ್ತಿದ್ದ ಹೊಗೆ ನೆನಪಾಯಿತು. ಇಷ್ಟು ವರ್ಷದಲ್ಲಿ ಈ ಬಿಯರ್ ಇಷ್ಟವಾದದ್ದು ಇವತ್ತೇ ಮೊದಲು.

"ಇದು ಯಾರದ್ದು, ಹೇಳು ನೋಡೋಣ" ಅಂದರು ಅಜ್ಜ.

ಬ್ಯಾಸ್ ಅಂದ ಮೇಲೆ ಬ್ಯಾಸಿನವರದ್ದು, ಅಲ್ವಾ? ಅಲ್ಲ. 1777ರಲ್ಲಿ ವಿಲಿಯಂ ಬ್ಯಾಸ್ ಶುರು ಮಾಡಿದ ಬ್ರೂವರಿ ವ್ಯಾಪಾರವನ್ನು 2000ದಲ್ಲಿ ಬೆಲ್ಜಿಯಂನ ಇಂಟರ್‌ಬ್ರೂ ಕೊಂಡಿತು. ಒಬ್ಬರ ಕೈಗೆ ಇಷ್ಟೊಂದು ಹೋಗಬಾರದು ಅಂತ ಸರ್ಕಾರ ತಡೆಯಿತು. ಹಾಗಾಗಿ 2002ರಲ್ಲಿ ಬರ್ಟನ್ನಿನ ಕಾರ್ಖಾನೆಗಳು, ಕಾರ್ಲಿಂಗ್ ಅನ್ನುವ ಲಾಗರ್ ಬಿಯರ್ ಎಲ್ಲ ಅಮೆರಿಕದ ಕೂರ್ಸ್‌ಗೆ ಹೋದವು. ಬ್ಯಾಸ್ ಅನ್ನುವ ಹೆಸರು ಮಾತ್ರ ಬೆಲ್ಜಿಯಂನವರ ಬಳಿಯೇ ಉಳಿಯಿತು. ಅವರಿಗೆ ಇಲ್ಲಿ ಬ್ರೂವರಿ ಇಲ್ಲ. ಅದಕ್ಕೆ ಇದೇ ಊರಿನ ಮಾರ್ಸ್ಟನ್ಸ್‌ನವರಿಗೆ ಗುತ್ತಿಗೆ ಕೊಟ್ಟರು. ಮಾರ್ಸ್ಟನ್ಸ್ 2020ರಲ್ಲಿ ಕಾರ್ಲ್ಸ್‌ಬರ್ಗ್ ಜೊತೆ ಸೇರಿತು. ಈ ಜುಲೈನಲ್ಲಿ ತನ್ನ ಉಳಿದ ಪಾಲನ್ನೂ 20.6 ಕೋಟಿ ಪೌಂಡಿಗೆ ಮಾರಿ, 190 ವರ್ಷದ ಬಿಯರ್ ಕೆಲಸದಿಂದ ಕೈ ತೊಳೆದುಕೊಂಡಿತು. ಈಗ ಅದು ಬರೀ ಪಬ್ ಕಂಪನಿ.

ಹಳೆಯ ಬ್ಯಾಸ್ ಕಂಪನಿ ಏನಾಯಿತು ಅಂದರೆ, ಹೆಸರು ಬದಲಾಯಿಸಿಕೊಂಡು ಹಾಲಿಡೇ ಇನ್ ಹೋಟೆಲುಗಳನ್ನು ನೋಡಿಕೊಂಡಿದೆ. 1742ರ ವಿಟ್‌ಬ್ರೆಡ್ ಕೂಡ ಬಿಯರ್ ಬಿಟ್ಟು ಪ್ರೀಮಿಯರ್ ಇನ್ ನಡೆಸುತ್ತದೆ. ಜನರಿಗೆ ಕುಡಿಸುವುದಕ್ಕಿಂತ ಮಲಗಿಸುವುದರಲ್ಲೇ ಲಾಭ ಜಾಸ್ತಿ ಅಂತ ಕಾಣುತ್ತದೆ.

ಇಷ್ಟೆಲ್ಲ ಆದದ್ದು ಬರೀ ದುರಾಸೆಯಿಂದ ಅಂತ ನಾನು ಅಂದುಕೊಂಡಿದ್ದೆ. ಅಜ್ಜ ಬೈಯುವುದು ಒಂದು ಕಾನೂನನ್ನು. ಇಂಗ್ಲೆಂಡಿನಲ್ಲಿ ಹೆಚ್ಚಿನ ಪಬ್ಬುಗಳು ಬಹಳ ಕಾಲ ಬ್ರೂವರಿಗಳ ಆಸ್ತಿಯಾಗಿದ್ದವು. ಯಾರ ಪಬ್ಬೋ ಅವರ ಬಿಯರು. ಒಂದು ಜಿಲ್ಲೆಯಲ್ಲಿ ನೂರು ಪಬ್ ಇದ್ದರೆ ಆ ಊರಿನ ಬ್ರೂವರಿ ತಲೆ ಎತ್ತಿಕೊಂಡು ಬದುಕುತ್ತಿತ್ತು. ಕಾಲ ಹೋದ ಹಾಗೆ ಆರು ದೊಡ್ಡ ಕಂಪನಿಗಳು ಸಾವಿರಾರು ಪಬ್ಬುಗಳನ್ನು ಗುಡ್ಡೆ ಹಾಕಿಕೊಂಡವು. ಇದನ್ನು ಮುರಿಯೋಣ ಅಂತ ಸರ್ಕಾರ 1989ರಲ್ಲಿ ಬಿಯರ್ ಆರ್ಡರ್ಸ್ ಅನ್ನುವ ಕಾನೂನು ತಂದಿತು. ಎರಡು ಸಾವಿರಕ್ಕಿಂತ ಹೆಚ್ಚು ಪಬ್ ಇದ್ದವರು, ಹೆಚ್ಚಿನದರಲ್ಲಿ ಅರ್ಧದಷ್ಟನ್ನು 1992ರೊಳಗೆ ಬಿಟ್ಟುಕೊಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಬಿಟ್ಟ ಪಬ್ಬುಗಳು ಹಳ್ಳಿಯವರಿಗೆ ಸಿಗಲಿಲ್ಲ. ಬಿಯರನ್ನೇ ಮಾಡದ ಪಬ್ ಕಂಪನಿಗಳು ಹುಟ್ಟಿಕೊಂಡು ಅವನ್ನೆಲ್ಲ ಬಾಚಿಕೊಂಡವು. ಬ್ರೂವರಿ ಇಲ್ಲದವರಿಗೆ ಆ ಕಾನೂನು ತಟ್ಟುವುದೇ ಇಲ್ಲವಲ್ಲ! ಅವರು ಸಗಟಿನಲ್ಲಿ ಕೊಳ್ಳುವವರು, ಕೇಳುವ ಡಿಸ್ಕೌಂಟ್ ದೊಡ್ಡ ಕಂಪನಿಗೆ ಮಾತ್ರ ಕೊಡಲು ಸಾಧ್ಯ. ಮಧ್ಯಮ ಗಾತ್ರದವರು ಕೂತು ಲೆಕ್ಕ ಹಾಕಿದರು. ಪಬ್ಬಿನ ಕಟ್ಟಡದಿಂದ ಬರುವ ದುಡ್ಡು ಬಿಯರಿನಿಂದ ಬರುವುದಿಲ್ಲ. ಮ್ಯಾಂಚೆಸ್ಟರಿನ ಬಾಡಿಂಗ್ಟನ್ಸ್ ಅದೇ 1989ರಲ್ಲೇ ಬ್ರೂವರಿ ಮಾರಿ ಪಬ್ ಇಟ್ಟುಕೊಂಡಿತು.

2002ರಲ್ಲಿ ಇನ್ನೊಂದು ಒಳ್ಳೆಯ ಉದ್ದೇಶ. ವರ್ಷಕ್ಕೆ 5 ಲಕ್ಷ ಲೀಟರಿನ ಒಳಗೆ ಮಾಡುವ ಸಣ್ಣವರಿಗೆ ತೆರಿಗೆ ಅರ್ಧ. ಗಲ್ಲಿಗೊಂದು ಪುಟ್ಟ ಬ್ರೂವರಿ ಎದ್ದಿತು, ಸಂತೋಷ. ನೂರೈವತ್ತು ವರ್ಷದ ಊರಿನ ಬ್ರೂವರಿ ಮಾತ್ರ ದೊಡ್ಡವರ ರೇಟಿಗೂ ಸಲ್ಲದೆ, ಸಣ್ಣವರ ರಿಯಾಯಿತಿಗೂ ಸಲ್ಲದೆ ಅಡಕತ್ತರಿಯ ಅಡಕೆಯಾಯಿತು.

ಇನ್ನು ಜಾಗದ ಬೆಲೆ. ಊರ ನಡುವೆ ಐದಾರು ಎಕರೆ ಇಟ್ಟುಕೊಂಡು ಬಾರ್ಲಿ ಬೇಯಿಸುವುದು ಯಾವ ಲೆಕ್ಕಿಗನಿಗೆ ಸಹಿಸುತ್ತದೆ? ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಯಂಗ್ಸ್ ಬ್ರೂವರಿ 2006ರಲ್ಲಿ ನಿಂತಿತು, ಈಗ ಅಲ್ಲಿ ಫ್ಲ್ಯಾಟುಗಳು. ಲೀಡ್ಸಿನ ಟೆಟ್ಲಿ ಬ್ರೂವರಿ 2011ರಲ್ಲಿ. ನಾನು ಅಜ್ಜನಿಗೆ ನಮ್ಮ ಬೆಂಗಳೂರಿನ ಯುಬಿ ಸಿಟಿ ಬಗ್ಗೆ ಹೇಳಿದೆ. ಥಾಮಸ್ ಲೀಶ್‌ಮನ್ ಅನ್ನುವ ಸ್ಕಾಟ್‌ಲೆಂಡಿನವನು 1915ರಲ್ಲಿ ದಕ್ಷಿಣದ ಕೆಲವು ಸಣ್ಣ ಬ್ರೂವರಿಗಳನ್ನು ಸೇರಿಸಿ ಕಟ್ಟಿದ ಕಂಪನಿ, ಅದರ ಹಳೆಯ ಬ್ರೂವರಿ ಜಾಗದಲ್ಲಿ ಈಗ ಹೊಳೆಯುವ ಮಾಲ್. ಆಮೇಲೆ ನೆನಪಾಯಿತು, ಆ ಯುಬಿಯಲ್ಲಿ ಇಲ್ಲಿನ ಬ್ರೂವರಿ ಕಂಪನಿ ಸ್ಕಾಟಿಷ್ ಅಂಡ್ ನ್ಯೂಕಾಸಲ್‌ಗೆ ಪಾಲಿತ್ತು. 2008ರಲ್ಲಿ ಇವರನ್ನು ಕಾರ್ಲ್ಸ್‌ಬರ್ಗ್, ಹೈನೆಕೆನ್ ಸೇರಿ ನುಂಗಿದಾಗ ಆ ಪಾಲು ಹೈನೆಕೆನ್‌ಗೆ ಹೋಯಿತು. ಇಲ್ಲಿ ಒಂದು ಬ್ರೂವರಿಯನ್ನು ನುಂಗಿದರೆ ಅಲ್ಲಿ ಕಿಂಗ್‌ಫಿಶರ್ ಬೇರೆ ಗೂಡಿಗೆ ಹೋಗುತ್ತದೆ.

ನ್ಯೂಕಾಸಲ್ ಬ್ರೌನ್ ಏಲ್ ಕಥೆ ಕೇಳಿ ನಾನು ಜೋರಾಗಿ ನಕ್ಕುಬಿಟ್ಟೆ. ನಂಜನಗೂಡು ರಸಬಾಳೆಗೆ ಇದೆಯಲ್ಲ, ಆ ಥರದ ಊರಿನ ಟ್ಯಾಗ್ ಅದಕ್ಕೂ ಯುರೋಪಿನಲ್ಲಿ ಸಿಕ್ಕಿತ್ತು. ನ್ಯೂಕಾಸಲ್ಲಿನಲ್ಲಿ ಮಾಡಿದರೆ ಮಾತ್ರ ಆ ಹೆಸರು. ಆಮೇಲೆ ಕಂಪನಿಯೇ ನದಿಯ ಆಚೆ ದಡದ ಗೇಟ್ಸ್‌ಹೆಡ್‌ಗೆ ಬ್ರೂವರಿ ಸಾಗಿಸಿತು. ತನ್ನ ರಕ್ಷಣೆಗೆ ಅಂತ ಪಡೆದ ಟ್ಯಾಗನ್ನು ತಾನೇ ಅರ್ಜಿ ಹಾಕಿ ರದ್ದು ಮಾಡಿಸಿಕೊಂಡಿತು.

ಅಜ್ಜ ನಗಲಿಲ್ಲ. "ನಿಮ್ಮ ಮನೆ ಪಾರ್ಟಿಗಳಲ್ಲಿ ಏನು ತರುತ್ತೀರಿ?" ಅಂದರು.

ಸಿಕ್ಕಿಬಿದ್ದೆ. ಕೋಬ್ರಾ ಬಿಯರ್. ಮೊನ್ನೆ ದೀಪಾವಳಿ ಊಟಕ್ಕೆ ಬಂದ ಗೆಳೆಯ ಒಂದು ಕ್ರೇಟ್ ತಂದು "ನಮ್ಮ ಬೆಂಗಳೂರಿನದು ಕಣೋ" ಅಂದಿದ್ದ. ಸುಳ್ಳಲ್ಲ, 1990ರ ಸುಮಾರಿಗೆ ಅದು ಹುಟ್ಟಿದ್ದು ಬೆಂಗಳೂರಿನ ಮೈಸೂರು ಬ್ರೂವರೀಸ್‌ನಲ್ಲೇ. ಆಮೇಲೆ ತಯಾರಿಕೆ ಬೆಡ್‌ಫರ್ಡಿನ ಚಾರ್ಲ್ಸ್ ವೆಲ್ಸ್‌ಗೆ ಬಂತು. ಅದೂ ಒಂದು ಮನೆತನದ ಬ್ರೂವರಿ, ಆ ಕಾರ್ಖಾನೆ ಈಗ ಸ್ಪೇನಿನವರ ಕೈಯಲ್ಲಿದೆ. 2009ರಲ್ಲಿ ಕೋಬ್ರಾ, ಆ ಹೊತ್ತಿಗೆ ಮೋಲ್ಸನ್ ಕೂರ್ಸ್ ಆಗಿದ್ದ ಅದೇ ಕೂರ್ಸ್ ಜೊತೆ ಸೇರಿ ಬರ್ಟನ್ನಿಗೇ ಬಂತು. ಗೆಳೆಯ ಊರಿನ ನೆನಪಿಗೆ ಅಂತ ಎಪ್ಪತ್ತು ಮೈಲಿ ಹೊತ್ತು ತಂದ ಕ್ರೇಟು, ನಮ್ಮ ಬೀದಿಯ ಹಿಂದೆಯೇ ತುಂಬಿದ್ದು. ನನಗೂ ಗೊತ್ತಿರಲಿಲ್ಲ, ಬಾಟಲಿಯ ಹಿಂದೆ ಓದುವವರು ಯಾರು?

ಅಜ್ಜನಿಗೆ ನಿಜವಾಗಿ ನೋವಾದದ್ದು ಬೇರೆ. ಯೂನಿಯನ್‌ಗಳು. ಕಾರ್ಮಿಕರ ಸಂಘ ಅಲ್ಲ, ಓಕ್ ಮರದ ಪೀಪಾಯಿಗಳ ಸಾಲು. ಬಿಯರ್ ಹುಳಿಯುವಾಗ ನೊರೆ ಉಕ್ಕುತ್ತದೆ. ಪ್ರತಿ ಪೀಪಾಯಿಯ ನೆತ್ತಿಯಿಂದ ಹಂಸದ ಕತ್ತಿನ ಹಾಗೆ ಬಾಗಿದ ಒಂದು ಕೊಳವೆ. ನೊರೆ ಅದರಲ್ಲಿ ಏರಿ ಮೇಲಿನ ಉದ್ದ ತೊಟ್ಟಿಗೆ ಬೀಳುತ್ತದೆ. ಯೀಸ್ಟ್ ತೊಟ್ಟಿಯಲ್ಲೇ ನಿಲ್ಲುತ್ತದೆ, ಜೊತೆಗೆ ಬಂದ ಬಿಯರ್ ಇಳಿದು ಮತ್ತೆ ಪೀಪಾಯಿಗೆ. ಹಾಲು ಉಕ್ಕಿದರೂ ಒಂದು ಹನಿ ಚೆಲ್ಲದ ಪಾತ್ರೆ ಅಂದುಕೊಳ್ಳಿ. ಬ್ಯಾಸ್ ಇವನ್ನು 1982ರಲ್ಲೇ ಕೈಬಿಟ್ಟಿತು. ಮಾರ್ಸ್ಟನ್ಸ್‌ನ ಪೆಡಿಗ್ರಿ ಬಿಯರಿಗೆ ಮಾತ್ರ ಉಳಿದಿತ್ತು. ಈ ವರ್ಷದ ಜನವರಿಯಲ್ಲಿ ಅದನ್ನೂ ನಿಲ್ಲಿಸುತ್ತೇವೆ ಅಂದರು, ಪೀಪಾಯಿ ಬಿಯರ್ ಕುಡಿಯುವವರೇ ಕಡಿಮೆಯಾದರು ಅಂತ. ಅದು ಸುಳ್ಳೂ ಅಲ್ಲ. ಪಬ್ಬಿನಲ್ಲಿ ಇವತ್ತು ಬ್ಯಾಸ್ ಕೇಳಿದವರು ನಾಲ್ಕೇ ಜನ, ಎಲ್ಲರೂ ಅಜ್ಜನ ವಯಸ್ಸಿನವರು. ಆ ಪೀಪಾಯಿ ತೆರೆದ ಮೂರು ದಿನದೊಳಗೆ ಖಾಲಿಯಾಗಬೇಕು.

ಊರಲ್ಲಿ ನೋಡೋಣ ಅಂದರೆ ಬ್ರೂವರಿ ಮ್ಯೂಸಿಯಂ ಕೂಡ ಇಲ್ಲ. 2022ರಲ್ಲಿ ಮೋಲ್ಸನ್ ಕೂರ್ಸ್ ಆಫೀಸಿಗೆ ಬೇಕು ಅಂತ ಅದನ್ನೂ ಮುಚ್ಚಿದರು.

ಜನ ಸೇರಿದರೆ ಏನೂ ಆಗುವುದಿಲ್ಲ ಅಂತಲ್ಲ. ಲೂಯಿಸ್ ಅನ್ನುವ ಊರಿನಲ್ಲಿ 2006ರ ಕೊನೆಗೆ ಲೂಯಿಸ್ ಆರ್ಮ್ಸ್ ಪಬ್ಬಿನ ಒಡೆಯರಾದ ಗ್ರೀನ್ ಕಿಂಗ್, ಊರಿನ ಹಾರ್ವೀಸ್ ಬಿಯರನ್ನು ತೆಗೆದುಹಾಕಿತು. ಊರಿನವರು ಜಗಳ ಆಡಲಿಲ್ಲ, ಸುಮ್ನೆ ಒಳಗೆ ಹೋಗುವುದನ್ನು ಬಿಟ್ಟರು. ಚಳಿಯಲ್ಲಿ ಬಾಗಿಲಲ್ಲಿ ನಿಂತು ಬಂದವರಿಗೂ ಹೇಳಿದರು. ನಾಲ್ಕು ತಿಂಗಳಿಗೆ ಹಾರ್ವೀಸ್ ವಾಪಸ್ ಬಂತು. ಗ್ರೀನ್ ಕಿಂಗೇ 2019ರಲ್ಲಿ ಹಾಂಗ್‌ಕಾಂಗ್ ಕಂಪನಿಯ ಪಾಲಾಯಿತು. ಹಾರ್ವೀಸ್ ಇನ್ನೂ ಮನೆತನದ ಕೈಯಲ್ಲೇ ಇದೆ.

ಎಂಟು ಗಂಟೆಗೆ ಎದ್ದೆವು. ಯೂನಿಯನ್‌ಗಳಲ್ಲಿ ಒಂದು ಸೆಟ್ಟನ್ನು ಡರ್ಬಿಶೈರಿನ ಬೇಕ್‌ವೆಲ್‌ನಲ್ಲಿರುವ ಥಾರ್ನ್‌ಬ್ರಿಜ್ ಅನ್ನುವ ಹೊಸ ಬ್ರೂವರಿಯವರು ತೆಗೆದುಕೊಂಡು ಹೋಗಿ ಜೋಡಿಸಿದ್ದಾರೆ, ಅದರಲ್ಲಿ ಬಿಯರೂ ಮಾಡುತ್ತಿದ್ದಾರೆ. ಅವರ ಹೆಸರಾಂತ ಬಿಯರಿನ ಹೆಸರು ಜೈಪುರ್. ಅಜ್ಜ ಇನ್ನೂ ಹೋಗಿ ನೋಡಿಲ್ಲ. ಬೇರೆಯವರ ಮನೆಗೆ ಕೊಟ್ಟ ಹಸುವನ್ನು ಏನಂತ ನೋಡುವುದು ಅನ್ನುವ ಥರ ಮುಖ ಮಾಡಿಕೊಂಡಿದ್ದರು. ಗೇಟಿನ ಹತ್ತಿರ ಬಂದ ಮೇಲೆ ತಾವೇ, "ಮುಂದಿನ ಶನಿವಾರ ಬಿಡುವಿದೆಯಾ?" ಅಂದರು.

ಇದೆ ಅಂದೆ. ಕಾರು ನನ್ನದು, ಹೇಗೂ ಕುಡಿಯುವವನು ನಾನಲ್ಲ. ಉಳಿದ ಕಜ್ಜಾಯ ಡಬ್ಬಿಗೆ ಹಾಕಿಡಲು ಹೇಳಬೇಕು, ಅಜ್ಜ ದಾರಿಗೆ ಬೇಕು ಅಂತ ಎರಡು ಸಲ ಹೇಳಿದ್ದಾರೆ.